ಐದು ತಿಂಗಳ ಹೇಂಟೆ ನೆಲಕ್ಕೆ ಕುಸಿದು ಕೂರುತ್ತಿದೆಯಾ? ಮದ್ದು ತರುವ ಮುಂಚೆ ಇದನ್ನು ನೋಡಿ

(ದೃಶ್ಯ: ಬೆಳಗ್ಗೆ ಎಂಟು ಗಂಟೆ, ಮನೆಯಂಗಳ. ಕಂದು ಬಣ್ಣದ ಎಳೆ ಹೇಂಟೆ ಓಡಾಡುತ್ತಿದೆ. ಕೈ ಹತ್ತಿರ ಬಂದ ಕೂಡಲೇ ನೆಲಕ್ಕೆ ಕೂರುತ್ತದೆ.)

ನೋಡಿ, ನಾನು ಇದನ್ನು ಮುಟ್ಟಿಲ್ಲ. ಸುಮ್ನೆ ಹತ್ತಿರ ಬಂದೆ ಅಷ್ಟೇ. ಹೋದ ವಾರದವರೆಗೂ ನನ್ನನ್ನು ಕಂಡರೆ ಅಡಿಕೆ ತೋಟದ ಆ ತುದಿಗೆ ಓಡುತ್ತಿತ್ತು. ಈಗ ಕಾಲು ಮಡಚಿ, ಬೆನ್ನು ಚಪ್ಪಟೆ ಮಾಡಿ, ರೆಕ್ಕೆ ಸ್ವಲ್ಪ ಅಗಲಿಸಿ ಕೂತುಬಿಟ್ಟಿದೆ.

ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಿಂದ ಮಾತಾಡುತ್ತಿದ್ದೇನೆ. ಪಕ್ಕದ ಮನೆಯ ಅಕ್ಕ ಮೊನ್ನೆ ಗಾಬರಿಯಿಂದ ಫೋನ್ ಮಾಡಿದರು. "ಕೋಳಿಯ ಕಾಲಿಗೆ ಬಲ ಇಲ್ಲ, ಹಿಡಿಯಲು ಹೋದರೆ ಕುಸಿದು ಬೀಳುತ್ತದೆ, ಏನು ಮದ್ದು ಹಾಕಲಿ?" ನಾನು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕ, ಅದಕ್ಕೆ ಎಷ್ಟು ತಿಂಗಳಾಯಿತು?" "ಐದು ಕಳೆಯಿತು."

ಮೊಟ್ಟೆಗೆ ಬರುತ್ತಿರುವ ಹೇಂಟೆಯ ಲಕ್ಷಣ ಅದು. ಮೈಯೊಳಗೆ ಹಾರ್ಮೋನು ಏರುತ್ತಿರುತ್ತದೆ. ಹುಂಜಕ್ಕೆ ಒಪ್ಪಿಗೆ ಕೊಡುವ ಭಂಗಿ ಇದು. ಹುಂಜ ಇಲ್ಲದ ಮನೆಯಲ್ಲಿ ನಮ್ಮ ಕೈ, ನಮ್ಮ ನೆರಳು ಕಂಡರೂ ಹಾಗೇ ಕೂರುತ್ತದೆ. ಹೀಗೆ ಕೂರಲು ಶುರು ಮಾಡಿದ ಮೇಲೆ ಹೆಚ್ಚಾಗಿ ಒಂದೆರಡು ವಾರದಲ್ಲಿ ಮೊದಲ ಮೊಟ್ಟೆ ಬರುತ್ತದೆ.

ಹಾಗಾದರೆ ಕಾಲಿನ ತೊಂದರೆಯೋ ಇದೋ ಅಂತ ಹೇಗೆ ತಿಳಿಯುವುದು?

(ದೃಶ್ಯ: ಒಂದು ಹಿಡಿ ನುಚ್ಚು ಅಂಗಳಕ್ಕೆ ಎರಚುವುದು. ಕೂತಿದ್ದ ಹೇಂಟೆ ಎದ್ದು ಮೈ ಕೊಡವಿ ಓಡುತ್ತದೆ.)

ನುಚ್ಚು ಎರಚಿ. ಎದ್ದು, ಮೈಯ ಪುಕ್ಕವನ್ನೆಲ್ಲ ಒಮ್ಮೆ ಕೊಡವಿ, ಎಲ್ಲರಿಗಿಂತ ಮೊದಲು ಓಡಿದರೆ ಕಾಲು ಸರಿ ಇದೆ. ನೀವು ದೂರ ಇದ್ದಾಗಲೂ ಕೂತೇ ಇದ್ದರೆ, ಕಾಳಿಗೂ ಏಳದಿದ್ದರೆ, ಕುಂಟಿದರೆ, ಅದು ಬೇರೆ ವಿಷಯ. ಹೆದರಬೇಕಾದ ಲಕ್ಷಣಗಳಿಗೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಮೊಟ್ಟೆ ಇಡಲು ಶುರು ಮಾಡದ ಎಳೆ ಹೇಂಟೆಗೆ ಲಾಕಿ ಅನ್ನುತ್ತಾರೆ. ಲಾಕಿ ಮೊಟ್ಟೆಗೆ ಬರುವ ವಯಸ್ಸು ತಳಿಯ ಮೇಲೆ ನಿಂತಿದೆ. ಬಿವಿ 380 ತರದ ಮೊಟ್ಟೆ ತಳಿ 18ರಿಂದ 20 ವಾರಕ್ಕೆ ಶುರು ಮಾಡುತ್ತದೆ. ಊರ ಕೋಳಿ ಆರು, ಏಳು ತಿಂಗಳು ತೆಗೆದುಕೊಳ್ಳುವುದೂ ಉಂಟು. ಪಕ್ಕದ ಮನೆಯದ್ದು ಇಟ್ಟಿತು, ನಮ್ಮದು ಇಟ್ಟಿಲ್ಲ ಅಂತ ಬೇಸರ ಮಾಡಬೇಡಿ.

ಈಗ ಜುಟ್ಟು ನೋಡಿ.

(ದೃಶ್ಯ: ಎರಡು ಹೇಂಟೆಗಳ ತಲೆ, ಹತ್ತಿರದಿಂದ.)

ಎರಡೂ ಒಂದೇ ದಿನ ಹುಟ್ಟಿದವು. ಎಡಗಡೆಯದ್ದರ ಜುಟ್ಟು ಸಣ್ಣದು, ತಿಳಿ ಗುಲಾಬಿ, ಒಣಗಿದ ಹಾಗಿದೆ. ಬಲಗಡೆಯದ್ದು ಕೋಳಿಜುಟ್ಟು ಹೂವಿನ ಹಾಗೆ ಕೆಂಪು, ಮುಟ್ಟಿದರೆ ಬೆಚ್ಚಗೆ, ಮೇಣ ಸವರಿದ ಹಾಗೆ ನುಣುಪು. ಬಲಗಡೆಯದ್ದು ಮೊದಲು ಇಡುತ್ತದೆ.

ಇನ್ನೂ ಖಚಿತ ಆಗಬೇಕಾದರೆ ರಾತ್ರಿ ಗೂಡಿನಲ್ಲಿ ಮೆಲ್ಲಗೆ ಎತ್ತಿಕೊಳ್ಳಿ. ಕತ್ತಲಲ್ಲಿ ಕೋಳಿ ಗಲಾಟೆ ಮಾಡುವುದಿಲ್ಲ. ಮೊಟ್ಟೆ ಬರುವ ದ್ವಾರದ ಎರಡೂ ಬದಿಗೆ ಎರಡು ಎಲುಬಿನ ತುದಿ ಕೈಗೆ ಸಿಗುತ್ತದೆ. ನಡುವೆ ಒಂದೇ ಬೆರಳು ಹಿಡಿಸಿದರೆ ಇನ್ನೂ ಸಮಯ ಇದೆ. ಎರಡು ಮೂರು ಬೆರಳು ಹಿಡಿಸಿದರೆ, ಎಲುಬು ಸ್ವಲ್ಪ ಬಳುಕಿದರೆ, ಬುಟ್ಟಿ ರೆಡಿ ಮಾಡಿ.

ಬುಟ್ಟಿಯ ಮಾತು ಬಂತಲ್ವಾ, ಜನ ಜಾಸ್ತಿ ತಪ್ಪು ತಿಳಿಯುವುದು ಇಲ್ಲಿ. ನಾನೂ ತಿಳಿದಿದ್ದೆ. ನನ್ನ ಮೊದಲ ಲಾಕಿಗಳಲ್ಲಿ ಒಂದಂತೂ ಎರಡು ದಿನ ಸುಮ್ಮನೆ ಕೂರಲಿಲ್ಲ. ಕಟ್ಟಿಗೆ ರಾಶಿಯ ಹಿಂದೆ ಹೋಯಿತು, ಬಂತು. ಅಡಿಕೆ ಹಾಳೆ ಪೇರಿಸಿಟ್ಟ ಮೂಲೆಗೆ ನುಗ್ಗಿತು. ಅಡುಗೆ ಮನೆಯ ಹೊಸ್ತಿಲು ದಾಟಿ ಅಕ್ಕಿ ಡಬ್ಬದ ಪಕ್ಕ ನಿಂತಿತು. ಬಾಯಲ್ಲಿ ಉದ್ದನೆಯ ಒಂದು ಸ್ವರ, ನೋವಿನಲ್ಲಿ ನರಳಿದ ಹಾಗೆ. ಹೊಟ್ಟೆ ಉಬ್ಬರಿಸಿದೆ ಅಂದುಕೊಂಡು ಓಮದ ನೀರು ಕುಡಿಸಿದೆ, ಪ್ರತಿ ಸಲ ಒಳಗೆ ಬಂದಾಗ ಓಡಿಸಿದೆ. ಮೂರನೇ ದಿನ ಮೊಟ್ಟೆ ಸಿಕ್ಕಿದ್ದು ತೋಡಿನ ಬದಿಯ ಪೊದೆಯಲ್ಲಿ. ಹೇಂಟೆ ಸಿಗಲಿಲ್ಲ, ಬರೀ ಪುಕ್ಕ ಇತ್ತು. ಕೀರಿ ಹಿಡಿದಿರಬೇಕು. ಜಾಗ ಕೇಳುತ್ತಿದ್ದ ಜೀವವನ್ನು ನಾನೇ ಓಡಿಸಿದೆನಲ್ಲ ಅನ್ನುವುದು ಇವತ್ತಿಗೂ ನೋಯುತ್ತದೆ. ಈ ವಿಡಿಯೋ ಮಾಡಿದ್ದು ಅದಕ್ಕೇ.

ಆ ಉದ್ದನೆಯ ಸ್ವರ ಮೊಟ್ಟೆಗೆ ಮುಂಚಿನ ಕೂಗು. ಜಾಗ ಸಿಗದೆ ಚಡಪಡಿಸಿದಷ್ಟೂ ಅದು ಜಾಸ್ತಿಯಾಗುತ್ತದೆ. ಅವಳು ಹುಡುಕುವುದು ಕತ್ತಲೆ ಇರುವ, ಮೂರು ಕಡೆ ಮರೆ ಇರುವ, ಕಾಲಿಗೆ ಮೆತ್ತಗೆ ಸಿಗುವ ಮೂಲೆ. ಸಿಕ್ಕಿದರೆ ಎದೆಯಿಂದ ಒತ್ತಿ ಗುಂಡಿ ಮಾಡುತ್ತಾಳೆ, ಕೊಕ್ಕಿನಿಂದ ಬೈಹುಲ್ಲಿನ ಎಳೆ ಎತ್ತಿ ತನ್ನ ಬೆನ್ನ ಮೇಲೇ ಹಾಕಿಕೊಳ್ಳುತ್ತಾಳೆ.

(ದೃಶ್ಯ: ಬುಟ್ಟಿಯೊಳಗೆ ಹೇಂಟೆ, ಬೆನ್ನ ಮೇಲೆ ಮೂರು ನಾಲ್ಕು ಹುಲ್ಲೆಳೆ.)

ಆದ್ದರಿಂದ 16ನೇ ವಾರಕ್ಕೇ ಜಾಗ ಮಾಡಿಡಿ. ಒಂದಡಿ ಉದ್ದ, ಒಂದಡಿ ಅಗಲದ ಪೆಟ್ಟಿಗೆ ಸಾಕು. ಹಳೆಯ ಬುಟ್ಟಿಯನ್ನು ಅಡ್ಡ ಮಲಗಿಸಿದರೂ ಆಯಿತು. ನಾಲ್ಕೈದು ಹೇಂಟೆಗೆ ಒಂದು. ಒಳಗೆ ಬೈಹುಲ್ಲು, ಮುಂದೆ ಗೋಣಿಯ ತುಂಡು ಅರ್ಧ ಇಳಿಬಿಡಿ. ರಾತ್ರಿ ಕೂರುವ ಕೋಲಿಗಿಂತ ಪೆಟ್ಟಿಗೆ ಕೆಳಗಿರಲಿ, ಇಲ್ಲದಿದ್ದರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಒಳಗೆ ಒಂದು ಪಿಂಗ್‌ಪಾಂಗ್ ಚೆಂಡು ಅಥವಾ ಮೊಟ್ಟೆಯಷ್ಟು ದೊಡ್ಡ ಬಿಳಿ ಕಲ್ಲು ಇಡಿ. ಇಲ್ಲಿ ಯಾರೋ ಆಗಲೇ ಇಟ್ಟಿದ್ದಾರೆ ಅಂತ ಲಾಕಿಗೆ ಧೈರ್ಯ ಬರುತ್ತದೆ.

ಈ ದಿನಗಳಲ್ಲಿ ಒಂದಕ್ಕೊಂದು ಕುಕ್ಕುವುದು ಸ್ವಲ್ಪ ಜಾಸ್ತಿ ಆಗಬಹುದು. ರಕ್ತ ಬರದಿದ್ದರೆ ಬಿಟ್ಟುಬಿಡಿ.

ಗೋಡೆಯ ಸುಣ್ಣ ಕುಕ್ಕುವುದು, ಮರಳು ಕೆದಕುವುದು ಕಂಡಿದ್ದೀರಾ? ಅದಕ್ಕೆ ಕಾರಣ ಇದೆ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಇರುವಾಗಲೇ ಹೇಂಟೆಯ ಕಾಲಿನ ಎಲುಬಿನ ಒಳಗೆ ಕ್ಯಾಲ್ಸಿಯಂ ಸಂಗ್ರಹ ಶುರುವಾಗುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ, ಹೆಚ್ಚಿನ ಕೆಲಸ ರಾತ್ರಿ ಹೊತ್ತು. ತೌಡು, ನುಚ್ಚು, ತೆಂಗಿನ ಹಿಂಡಿಯಲ್ಲಿ ಅಷ್ಟು ಸಿಗುವುದಿಲ್ಲ.

ನಮ್ಮ ಊರಿನವರಿಗೆ ಇದಕ್ಕೆ ದೂರ ಹೋಗಬೇಕಾಗಿಲ್ಲ. ಮರುವಾಯಿ (ಚಿಪ್ಪುಮೀನು) ಪದಾರ್ಥ ಮಾಡಿದ ದಿನ ಚಿಪ್ಪು ಎಸೆಯಬೇಡಿ. ತೊಳೆದು, ಬಿಸಿಲಿಗೆ ಒಣಗಿಸಿ, ಗೋಣಿಯಲ್ಲಿ ಕಟ್ಟಿ ಕಲ್ಲಿನಿಂದ ಕುಟ್ಟಿ. ಹಿಟ್ಟು ಮಾಡಬೇಡಿ, ಕಾಳುಮೆಣಸಿನ ಗಾತ್ರದ ಚೂರು ಇರಲಿ. ಹಾಗಿದ್ದರೆ ಹೊಟ್ಟೆಯಲ್ಲಿ ನಿಧಾನ ಕರಗಿ ರಾತ್ರಿಯ ಕೆಲಸಕ್ಕೆ ಒದಗುತ್ತದೆ. ಒಂದು ಗೆರಟೆಯಲ್ಲಿ ಬೇರೆಯಾಗಿ ಇಡಿ. ಬೇಕಾದವಳು ಬೇಕಾದಷ್ಟು ತಿನ್ನುತ್ತಾಳೆ. ವೀಳ್ಯಕ್ಕೆ ಹಾಕುವ ಸುಣ್ಣ ಮಾತ್ರ ಕೊಡಬೇಡಿ, ಬಾಯಿ ಸುಡುತ್ತದೆ. ಅಂಗಡಿಯ ಲೇಯರ್ ಫೀಡ್‌ನಲ್ಲಿ, ಅಂದರೆ ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ, ಕ್ಯಾಲ್ಸಿಯಂ 3.5ರಿಂದ 4 ಶೇಕಡಾ ಇರುತ್ತದೆ. ಅದನ್ನು ಮೂರು ತಿಂಗಳ ಮರಿಗೆ ಹಾಕಿದರೆ ಮೂತ್ರಪಿಂಡ ಹಾಳಾಗಬಹುದು. ಜುಟ್ಟು ಕೆಂಪಾದ ಮೇಲೆ, ಅಥವಾ ಮೊದಲ ಮೊಟ್ಟೆ ಕಂಡ ಮೇಲೆ ಬದಲಾಯಿಸಿ.

ಈಗ ಹೆದರಬೇಕಾದ ವಿಷಯ. ಇದನ್ನು ಗಮನ ಇಟ್ಟು ಕೇಳಿ.

ಬಾಲ ಇಳಿಸಿ, ಪುಕ್ಕ ಉಬ್ಬಿಸಿ, ಮತ್ತೆ ಮತ್ತೆ ತಿಣುಕಿದರೂ ಮೊಟ್ಟೆ ಬಾರದಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಉಗುರು ಬೆಚ್ಚಗಿನ ನೀರಲ್ಲಿ ಹೊಟ್ಟೆಯವರೆಗೆ 15-20 ನಿಮಿಷ ಕೂರಿಸಿ, ಒರೆಸಿ, ಕತ್ತಲೆಯ ಬೆಚ್ಚಗಿನ ಜಾಗದಲ್ಲಿ ಬಿಡಿ. ಒತ್ತಿ ತೆಗೆಯಲು ಹೋಗಬೇಡಿ, ಒಳಗೆ ಒಡೆದರೆ ಜೀವ ಹೋಗುತ್ತದೆ. ಕೆಲವು ಗಂಟೆಯಲ್ಲಿ ಸರಿಯಾಗದಿದ್ದರೆ ಮೃಗಾಸ್ಪತ್ರೆಗೆ ಒಯ್ಯಿರಿ. ಹಿಂದಿನಿಂದ ಕೆಂಪು ಮಾಂಸ ಹೊರಗೆ ಬಂದಿದ್ದರೆ ಆ ಕ್ಷಣವೇ ಬೇರೆ ಮಾಡಿ, ಉಳಿದವು ಕುಕ್ಕಿ ಕೊಂದುಬಿಡುತ್ತವೆ. ಅದನ್ನೂ ಡಾಕ್ಟರಿಗೆ ತೋರಿಸಿ.

ಹಸಿರು ಭೇದಿ, ಉಸಿರಿನ ಕಷ್ಟ, ಕತ್ತು ತಿರುಚುವುದು ಕಂಡರೆ ಅದು ಕೊಕ್ಕರೆ ರೋಗ ಇರಬಹುದು, ರಾಣಿಖೇತ್ ಅನ್ನುತ್ತಾರಲ್ವಾ, ಅದೇ. ಇದು ಒಂದರಿಂದ ಒಂದಕ್ಕೆ ಬೇಗ ಹರಡುತ್ತದೆ. ಲಸಿಕೆ ಇದೆ, ಮೊಟ್ಟೆಗೆ ಬರುವ ಮುಂಚೆಯೇ ಹಾಕಿಸಿ ಮುಗಿಸಿ.

ಮೊದಲ ಮೊಟ್ಟೆ ಸಣ್ಣದಿದ್ದರೆ, ಚಿಪ್ಪಿನ ಮೇಲೆ ರಕ್ತದ ಒಂದು ಗೆರೆ ಇದ್ದರೆ, ಒಳಗೆ ಹಳದಿಯೇ ಇಲ್ಲದಿದ್ದರೆ, ಅಥವಾ ಚಿಪ್ಪಿಲ್ಲದೆ ತೊಗಲು ಮಾತ್ರ ಇದ್ದರೆ ಹೆದರಬೇಡಿ. ಶುರುವಿನ ಎರಡು ಮೂರು ವಾರ ಹೀಗೆ ಆಗುವುದುಂಟು.

(ದೃಶ್ಯ: ಬುಟ್ಟಿಯ ಗೋಣಿ ಅಲುಗುತ್ತದೆ. ಕಂದು ಹೇಂಟೆ ಹೊರಗೆ ಬಂದು ಕೂಗುತ್ತದೆ. ಅಂಗಳದ ಉಳಿದವೂ ಸ್ವರ ಸೇರಿಸುತ್ತವೆ.)

ಕೇಳಿಸಿತಾ? ಬೆಳಗ್ಗೆ ನನ್ನ ಕಾಲ ಬುಡದಲ್ಲಿ ಕೂತಿದ್ದಳಲ್ಲ, ಅವಳೇ. ಬನ್ನಿ, ನೋಡೋಣ.

(ದೃಶ್ಯ: ಅಂಗೈಯಲ್ಲಿ ಸಣ್ಣ ಕಂದು ಮೊಟ್ಟೆ. ಅಡುಗೆ ಮನೆಯ ತಕ್ಕಡಿಯಲ್ಲಿ 38 ಗ್ರಾಂ.)

ಇನ್ನೂ ಬಿಸಿ ಇದೆ. ಪಿಂಗ್‌ಪಾಂಗ್ ಚೆಂಡನ್ನು ಪಕ್ಕಕ್ಕೆ ತಳ್ಳಿ ಅದೇ ಗುಂಡಿಯಲ್ಲಿ ಇಟ್ಟಿದ್ದಾಳೆ.