ಐದು ಪಲ್ಲ ರಾಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿಕೊಂಡು ನಾವು ಕುಣಿಗಲ್ ತಾಲ್ಲೂಕಿನ ನಮ್ಮೂರಿಗೆ ಬಂದ ಮೊದಲ ವಾರ. ರಾತ್ರಿ ಮುದ್ದೆ ಬಡಿಸುತ್ತಾ ಅತ್ತೆ ಕೇಳಿದರು: "ಈ ಮನೆಗೆ ವರ್ಷಕ್ಕೆ ಎಷ್ಟು ರಾಗಿ ಬೇಕು, ಹೇಳು ನೋಡೋಣ."

ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ಕಚೇರಿಯೊಂದರಲ್ಲಿ ಲೆಕ್ಕಪತ್ರ ಬರೆದವಳು ನಾನು. ಮನೆ ಬಾಡಿಗೆ, ಮಗಳ ಶಿಶುವಿಹಾರದ ಶುಲ್ಕ, ಬೈಕಿನ ಕಂತು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಆದರೆ ನಾವು ಉಣ್ಣುವ ಹಿಟ್ಟಿಗೆ ನನ್ನ ಬಳಿ ಲೆಕ್ಕವೇ ಇರಲಿಲ್ಲ. ಡಬ್ಬ ಖಾಲಿಯಾದಾಗ ಅಂಗಡಿಯಿಂದ ತರುತ್ತಿದ್ದೆವು, ಅಷ್ಟೆ.

ಅದು 2019ರ ಯುಗಾದಿಯ ಮರುವಾರ. ನನ್ನ ಗಂಡ ಪೀಣ್ಯದ ಕಾರ್ಖಾನೆಯೊಂದರ ಕೆಲಸ ಬಿಟ್ಟಿದ್ದರು. ಮಗಳಿಗೆ ಮೂರು ವರ್ಷ. ಮಗ ಇನ್ನೂ ಹುಟ್ಟಿರಲಿಲ್ಲ. ಊರಿನಲ್ಲಿ ಮಾವ ಬಿಟ್ಟುಹೋದ ಮೂರು ಎಕರೆ ಖುಷ್ಕಿ, 28 ತೆಂಗಿನ ಮರ, ಬದುವಿನ ಮೇಲೆ ಎರಡು ಹುಣಸೆ, ಮಂಗಳೂರು ಹೆಂಚಿನ ಮನೆ ಮತ್ತು ಒಂಟಿಯಾಗಿದ್ದ ಅತ್ತೆ. ನಮ್ಮ ಅನ್ನ ನಾವೇ ಬೆಳೆದುಕೊಂಡು, ಬೇಕಾದಷ್ಟರಲ್ಲೇ ಬದುಕಬೇಕು ಎಂಬ ಆಸೆಯಿಂದ ಬಂದವರು ನಾವು.

ಮೊದಲ ವರ್ಷ ಎಲ್ಲವನ್ನೂ ಒಟ್ಟಿಗೆ ಹಿಡಿದೆವು. ಕೋಳಿ, ಕುರಿ, ಜೇನುಪೆಟ್ಟಿಗೆ, ತರಕಾರಿ. ಕೋಳಿಗಳನ್ನು ಮುಂಗುಸಿ ಮುಗಿಸಿತು. ಜೇನು ಪೆಟ್ಟಿಗೆ ಬಿಟ್ಟು ಎದ್ದುಹೋಯಿತು. ತರಕಾರಿಗೆ ನೀರು ಬೇಕೆಂದು ಕೊಳವೆಬಾವಿ ಕೊರೆಸಿದೆವು. 850 ಅಡಿಯವರೆಗೂ ಬಂದದ್ದು ಬರೀ ಬೂದುಬಣ್ಣದ ಕಲ್ಲಿನ ಪುಡಿ. ಆ ಸಾಲ ತೀರಿಸಲು ಎರಡೂವರೆ ವರ್ಷ ಹಿಡಿಯಿತು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಹೊಸದಾಗಿ ಭೂಮಿಗೆ ಮರಳುವ ಗಂಡ ಹೆಂಡಿರಿಗೆ ನಾನು ಕೈಮುಗಿದು ಹೇಳುವುದು ಇದೊಂದನ್ನೇ: ಮೊದಲ ಮಳೆಗಾಲವನ್ನು ನೋಡುವುದಕ್ಕೆ ಮೀಸಲಿಡಿ. ನೀರು ಎಲ್ಲಿಂದ ಹರಿದು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಮಣ್ಣು ಬೇಗ ಒಣಗುತ್ತದೆ ಎಂದು ತಿಳಿಯುವವರೆಗೆ ಯಂತ್ರವನ್ನು ಹೊಲದೊಳಗೆ ಬಿಡಬೇಡಿ.

ಸೋತು ಕುಳಿತಾಗ ಅತ್ತೆಯ ಪ್ರಶ್ನೆಗೆ ಮರಳಿದೆವು. ಒಂದು ತಿಂಗಳು ಪ್ರತಿದಿನ ಅಳೆದೆ. ನಮ್ಮ ಮನೆಯಲ್ಲಿ ದಿನಕ್ಕೆ ಒಂದು ಸೇರು ರಾಗಿ ಖರ್ಚಾಗುತ್ತದೆ. ನಮ್ಮ ಸೇರಿಗೆ ರಾಗಿ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ ತೂಗುತ್ತದೆ. ವರ್ಷಕ್ಕೆ 365 ಸೇರು. ಬಂದುಹೋಗುವ ನೆಂಟರು, ಕೊಯ್ಲಿನ ದಿನದ ಆಳುಗಳ ಊಟ, ಕರು ಹಾಕಿದ ಹಸುವಿಗೆ ಗಂಜಿ, ಬಿತ್ತನೆಗೆ ಬೀಜ ಎಲ್ಲ ಸೇರಿಸಿದರೆ 500 ಸೇರು. ನೂರು ಸೇರಿಗೆ ಒಂದು ಪಲ್ಲ. ಹಾಗಾದರೆ ಐದು ಪಲ್ಲ. ಲೆಕ್ಕದ ಹಾಳೆಯನ್ನು ಅತ್ತೆಯ ಮುಂದೆ ಹಿಡಿದೆ. ಅವರು ಅದನ್ನು ನೋಡಲೂ ಇಲ್ಲ. "ಐದು ಪಲ್ಲ ತಾನೇ? ನನ್ನ ಅತ್ತೆಯೂ ಅಷ್ಟೇ ಹೇಳಿದ್ದರು" ಎಂದರು.

ಮಳೆಯಾಶ್ರಯದ ನಮ್ಮ ಹೊಲದಲ್ಲಿ ಎಕರೆಗೆ ಒಳ್ಳೆಯ ವರ್ಷ ಎಂಟು ಕ್ವಿಂಟಲ್ ರಾಗಿ ಸಿಗುತ್ತದೆ, ಕೆಟ್ಟ ವರ್ಷ ಮೂರು. ಮನೆಗೆ ಬೇಕಾದದ್ದು ನಾಲ್ಕೂವರೆ ಕ್ವಿಂಟಲ್. ಅಂದರೆ ಒಂದೇ ಎಕರೆಯನ್ನು ಚೆನ್ನಾಗಿ ನೋಡಿಕೊಂಡು, ಒಳ್ಳೆಯ ವರ್ಷದ ಮಿಕ್ಕದ್ದನ್ನು ಕೆಟ್ಟ ವರ್ಷಕ್ಕೆ ತೆಗೆದಿಟ್ಟರೆ ಸಾಕು. ಈ ಲೆಕ್ಕ ಕೈಗೆ ಸಿಕ್ಕಿದ ದಿನ ನನ್ನ ಹೆದರಿಕೆ ಅರ್ಧ ಇಳಿಯಿತು. ಮೂರು ಎಕರೆಯಿಂದ ಏನು ದುಡಿಯಬಹುದು ಎಂದು ಅದುವರೆಗೆ ಯೋಚಿಸುತ್ತಿದ್ದ ನಾವು, ಒಂದು ಎಕರೆ ನಮ್ಮನ್ನು ಸಾಕುತ್ತದೆ ಎಂದು ತಿಳಿದುಕೊಂಡೆವು.

ಆ ಎಕರೆಯಲ್ಲಿ ಬರೀ ರಾಗಿ ಇಲ್ಲ. ಎಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು, ಅಂದರೆ ಬೇರೆ ಬೆಳೆಗಳನ್ನು ಬೆರೆಸಿ ಬಿತ್ತುವ ಸಾಲು. ಅಕ್ಕಡಿಯಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿಗೆ ಹರಳು. ಸಾರಿನ ಬೇಳೆ, ಒಗ್ಗರಣೆಯ ಎಣ್ಣೆ, ಹಸುವಿನ ಮೇವು, ಮಣ್ಣಿಗೆ ಸಾರ, ಎಲ್ಲವೂ ಅದರಲ್ಲೇ ಇದೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟ ದಿನಗಳಲ್ಲಿ ಹೊಲಕ್ಕೆ ಹೋದರೆ ಜೇನುನೊಣಗಳ ಸದ್ದು ಬದುವಿನವರೆಗೂ ಕೇಳಿಸುತ್ತದೆ. ಪೆಟ್ಟಿಗೆ ಬಿಟ್ಟು ಹೋದ ಜೇನು ಈಗ ಪೆಟ್ಟಿಗೆ ಇಲ್ಲದೆಯೇ ಬರುತ್ತದೆ. ಮಾಗಿಯ ಚಳಿ ಬಿದ್ದ ಮೇಲೆ ಅವರೆಕಾಯಿ ಬಿಡಿಸಿದ ಕೈಗೆ ಅಂಟಿಕೊಳ್ಳುವ ಸೊಗಡಿಗಾಗಿ ನಾನು ವರ್ಷವೆಲ್ಲ ಕಾಯುತ್ತೇನೆ.

ಹಗೇವಿನ ಬಗ್ಗೆ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಯ ಬಗ್ಗೆ ಹೇಳಲೇಬೇಕು. ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಮುತ್ತಾತನ ಕಾಲದ ಒಂದು ಹಗೇವು ಇದೆ. ಬಾಯಿ ಕಿರಿದು, ಒಳಗೆ ಹೊಟ್ಟೆ ಅಗಲ. ಇಪ್ಪತ್ತು ವರ್ಷಗಳಿಂದ ಮುಚ್ಚಿ ಬಿದ್ದಿದ್ದನ್ನು ನಾವು ತೆಗೆದು, ಬೆಂಕಿ ಹಾಕಿ ಒಣಗಿಸಿ, ಸುತ್ತ ಒಣಹುಲ್ಲು ಕೊಟ್ಟು, ಎರಡು ವರ್ಷದ ಹಿಂದಿನ ಮಿಕ್ಕ ರಾಗಿಯನ್ನು ತುಂಬಿ, ಚಪ್ಪಡಿ ಎಳೆದು ಮಣ್ಣು ಮೆತ್ತಿದೆವು. ಈ ವರ್ಷ ಯುಗಾದಿ ಕಳೆದ ಮೇಲೆ ತೆಗೆದಾಗ ಅತ್ತೆ ಯಾರನ್ನೂ ಹತ್ತಿರ ಬಿಡಲಿಲ್ಲ. ಬೆಳಿಗ್ಗೆ ಚಪ್ಪಡಿ ಸರಿಸಿ ಸ್ವಲ್ಪ ಹೊತ್ತಿನ ಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದರು. ದೀಪ ಕುತ್ತಿಗೆ ದಾಟುತ್ತಿದ್ದಂತೆ ಆರಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಆರಿತು. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನೆಲ್ಲ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿಟ್ಟಿರುತ್ತದೆ. ಹುಳು ಬದುಕದಿರುವುದೂ ಅದರಿಂದಲೇ, ಅವಸರದಲ್ಲಿ ಇಳಿದವರು ಪ್ರಾಣ ಕಳೆದುಕೊಳ್ಳುವುದೂ ಅದರಿಂದಲೇ. ಸಂಜೆಯ ಹೊತ್ತಿಗೆ ದೀಪ ತಳದವರೆಗೂ ಇಳಿದು ಉರಿಯುತ್ತಾ ನಿಂತಿತು. ಆಮೇಲೆಯೇ ನನ್ನ ಗಂಡ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದದ್ದು. ಗೋಡೆಗೆ ತಾಗಿದ್ದ ಒಂದಿಷ್ಟು ಕಪ್ಪಾಗಿತ್ತು. ಉಳಿದದ್ದು ಹೊಸ ರಾಗಿಯಂತೆಯೇ ಇತ್ತು.

ಇನ್ನು ನೀರು. ನನ್ನ ತವರು ಪಾವಗಡದ ಕಡೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ನಿಮಗೆಲ್ಲ ತಿಳಿದಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಬರಬರುತ್ತಾ ಮೂಳೆ ಬಿರುಸಾಗುತ್ತದೆ. ನನ್ನ ಅಜ್ಜಿ ಕೊನೆಯ ಹತ್ತು ವರ್ಷ ನೆಲದಿಂದ ಎದ್ದು ನಿಲ್ಲಲು ಕಂಬ ಹಿಡಿಯುತ್ತಿದ್ದರು. ಆದ್ದರಿಂದ ಮಳೆನೀರಿನ ವಿಷಯದಲ್ಲಿ ನಾನು ಹಟ ಹಿಡಿದೆ.

ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹೆಂಚಿನ ಚಾವಣಿ 90 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ 63,000 ಲೀಟರ್. ಸೋರಿದ್ದು, ಚೆಲ್ಲಿದ್ದು, ಹೆಂಚು ತೊಳೆಯಲೆಂದು ಹೊರಗೆ ಬಿಟ್ಟ ಮೊದಲ ಮಳೆ, ಇಷ್ಟನ್ನೂ ಕಳೆದರೂ 50,000 ಲೀಟರ್ ಕೈಗೆ ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ತಲೆಗೆ ಹತ್ತು ಲೀಟರಿನಂತೆ ನಮ್ಮ ಐದು ಜನಕ್ಕೆ ವರ್ಷಕ್ಕೆ ಬೇಕಾಗುವುದು 18,250 ಲೀಟರ್. ಇಪ್ಪತ್ತು ಸಾವಿರ ಲೀಟರಿನ ತೊಟ್ಟಿ ಕಟ್ಟಿಸಿದೆವು. ಬೆಳಕು ಬೀಳದಂತೆ ಮುಚ್ಚಿದ್ದೇವೆ, ಮೇಲೆ ಇದ್ದಿಲು ಮತ್ತು ಮರಳಿನ ಸೋಸುಗ ಇದೆ. ಬೇಸಾಯಕ್ಕೆ ಬೇರೆ ಕೃಷಿಹೊಂಡ ಉಂಟು. ಒಂದು ಎಕರೆಯ ಮೇಲೆ ಅಷ್ಟೇ ಮಳೆ ಸುರಿಸುವ ನೀರು 28 ಲಕ್ಷ ಲೀಟರ್ ಎಂದು ಮೊದಲ ಸಲ ಗುಣಿಸಿದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ. ನಾವು 850 ಅಡಿ ಕೊರೆದು ಹುಡುಕಿದ್ದು ತಲೆಯ ಮೇಲಿಂದಲೇ ಬೀಳುತ್ತಿತ್ತು.

ಒಲೆಯ ವಿಷಯಕ್ಕೆ ಬಂದರೆ, ಕುಣಿಗಲ್ ತಾಲ್ಲೂಕಿನವರಾದ ನಾವು ಹೆಮ್ಮೆಪಡಬೇಕಾದ ಸಂಗತಿ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲಿ ನಿಂತೇ ಮಾಡಬೇಕೆಂದು ಅವರು ಆರಿಸಿಕೊಂಡದ್ದು ನಮ್ಮ ತಾಲ್ಲೂಕಿನ ಉಂಗ್ರ ಗ್ರಾಮವನ್ನು. ಅವರ ಅಸ್ತ್ರ ಒಲೆ ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ. ಸಾಲಾಗಿ ಮೂರು ಕಣ್ಣು. ಮೊದಲ ಕಣ್ಣಿನ ಕೆಳಗೆ ಕಬ್ಬಿಣದ ಜಾಲರಿಯ ಮೇಲೆ ಸೌದೆ. ಬಿಸಿಹೊಗೆ ಎರಡನೆಯ, ಮೂರನೆಯ ಕಣ್ಣಿನ ಅಡಿಯಲ್ಲಿ ಹಾದು ಕೊಳವೆಯಿಂದ ಹೊರಗೆ ಹೋಗುತ್ತದೆ. ಮೊದಲನೆಯದರಲ್ಲಿ ಮುದ್ದೆಗೆ ಎಸರು, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ಸ್ನಾನದ ನೀರು. ತೆಂಗಿನ ಎಡೆಮಟ್ಟೆ, ಕರಟ, ತೊಗರಿ ಕಡ್ಡಿ ಇಷ್ಟೇ ಸಾಕಾಗುತ್ತದೆ. ಮರ ಕಡಿಯುವ ಮಾತಿಲ್ಲ. ವಾರಕ್ಕೊಮ್ಮೆ ಕೊಳವೆಯ ಮಸಿ ತೆಗೆಯಬೇಕು, ಅದೊಂದು ಬೇಸರದ ಕೆಲಸ. ಆದರೆ ಅತ್ತೆಯ ಕೆಮ್ಮು ನಿಂತದ್ದು ಈ ಒಲೆ ಹಾಕಿಸಿದ ಮೇಲೆಯೇ.

ಗೋಬರ್ ಗ್ಯಾಸ್ ಹಾಕಿಸಬೇಕೆಂದೂ ಆಸೆಯಿತ್ತು. ಅತಿ ಚಿಕ್ಕ ಘಟಕಕ್ಕೂ ದಿನಕ್ಕೆ 25 ಕಿಲೋ ಸಗಣಿ ಬೇಕು. ನಮ್ಮ ಎರಡು ಹಳ್ಳಿಕಾರ್ ಹಸುಗಳ ಸಗಣಿ 20 ಕಿಲೋ ದಾಟುವುದಿಲ್ಲ. ಇದೇ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಅದೇ ಅಸ್ತ್ರದವರು ಮನೆಮನೆಯ ಸಗಣಿಯನ್ನು ಒಂದೆಡೆ ಸೇರಿಸಿ, ಆ ಅನಿಲದಿಂದ ಎಂಜಿನ್ ಓಡಿಸಿ, 1987ರಲ್ಲಿ ಮನೆಗಳಿಗೆ ದೀಪ ಮತ್ತು ನಲ್ಲಿಯ ನೀರು ಕೊಟ್ಟಿದ್ದರು. ಬಗ್ಗಡ ಗೊಬ್ಬರವಾಗಿ ರೈತರಿಗೆ ಮರಳುತ್ತಿತ್ತು. ಒಂಟಿ ಮನೆಯ ಎರಡು ಹಸುವಿಗೆ ಆಗದ ಕೆಲಸವನ್ನು ಒಂದು ಹಳ್ಳಿ ಮಾಡಿತ್ತು.

ಈ ಮಾತು ನನ್ನನ್ನು ಮುಯ್ಯಿಗೆ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವ ರೂಢಿಗೆ ತಂದು ನಿಲ್ಲಿಸುತ್ತದೆ. ಸ್ವಾವಲಂಬನೆ ಎಂದರೆ ಯಾರ ಹಂಗೂ ಇಲ್ಲದಿರುವುದು ಎಂದುಕೊಂಡು ನಾವು ಬಂದಿದ್ದೆವು. ಒಂದು ಎಕರೆ ರಾಗಿ ಕೊಯ್ಯಲು ಹತ್ತು ಜೋಡಿ ಕೈ ಬೇಕು. ಎಲ್ಲರಿಗೂ ಕೂಲಿ ಕೊಡುವುದು ನಮಗೆ ಭಾರ. ಇಂದು ನಮ್ಮ ಹೊಲಕ್ಕೆ ನಾಲ್ಕು ಮನೆಯವರು ಬರುತ್ತಾರೆ, ನಾಳೆಯಿಂದ ನಾವು ಅವರ ಹೊಲಗಳಿಗೆ ಹೋಗುತ್ತೇವೆ. ಲೆಕ್ಕದವಳಾದ ನಾನು ಎರಡನೆಯ ವರ್ಷ ಯಾರು ಎಷ್ಟು ದಿನ ಬಂದರು ಎಂದು ಪುಸ್ತಕದಲ್ಲಿ ಬರೆಯತೊಡಗಿದೆ. ಅತ್ತೆ ನೋಡಿದರು. "ರಾಗಿ ಅಳೆದು ಬರೆ, ನೀರು ಅಳೆದು ಬರೆ. ಮುಯ್ಯಿ ಬರೆಯಬೇಡ. ಬರೆದರೆ ಅದು ಸಾಲವಾಗುತ್ತದೆ" ಎಂದರು. ಆ ಹಾಳೆಯನ್ನು ಹರಿದೆ. ಮಗ ಹುಟ್ಟಿದ ವರ್ಷ ನಾನು ಒಂದು ದಿನವೂ ಯಾರ ಹೊಲಕ್ಕೂ ಹೋಗಲಾಗಲಿಲ್ಲ. ನಮ್ಮ ರಾಗಿ ಮಾತ್ರ ಹೊತ್ತಿಗೆ ಸರಿಯಾಗಿ ಕೊಯ್ಲಾಗಿ ಮೆದೆ ಸೇರಿತ್ತು.

ಮಕ್ಕಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಗಳು ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಕಳೆ ಕೀಳುವ ದಿನ ಅಜ್ಜಿಯ ಹಿಂದೆ ನಡೆದು ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಾಳೆ. ಅಣ್ಣೆ, ಗಣಿಕೆ, ಕಿರಕಸಾಲೆ, ದಗ್ಗಲಾರಿವೆ, ಹೊನಗೊನೆ. ಯಾವ ಎಲೆಯನ್ನು ತುದಿ ಮಾತ್ರ ಚಿವುಟಬೇಕು, ಯಾವುದನ್ನು ಬೇರುಸಹಿತ ಕೀಳಬಹುದು ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಅಂಗಡಿಯ ಪೊಟ್ಟಣದ ತಿಂಡಿಗೂ ಇಬ್ಬರೂ ಅಳುತ್ತಾರೆ. ಸಂತೆಯ ದಿನ ಕೊಡಿಸುತ್ತೇವೆ.

ಹಣ ಬೇಡವೇ? ಬೇಕು. ಉಪ್ಪು, ಬೆಲ್ಲ, ಟೀಪುಡಿ, ಅಕ್ಕಿ, ಬಟ್ಟೆ, ಪೆಟ್ರೋಲ್, ಮೊಬೈಲ್, ಔಷಧಿ. ತಿಂಗಳಿಗೆ ಒಂಬತ್ತು ಸಾವಿರದ ಒಳಗೆ ಮುಗಿಯುತ್ತದೆ. ಕೊಬ್ಬರಿ, ಹುಣಸೆ ಮಾರಿ ಒಂದಿಷ್ಟು ಬರುತ್ತದೆ. ನನ್ನ ಗಂಡ ವಾರಕ್ಕೆ ಎರಡು ದಿನ ಪಂಪ್‌ಸೆಟ್ ಮೋಟಾರು ರಿಪೇರಿಗೆ ಹೋಗುತ್ತಾರೆ. ನಾನು ಊರಿನ ಇಬ್ಬರು ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಆಸ್ಪತ್ರೆಯ ದೊಡ್ಡ ಖರ್ಚು ಬಂದರೆ ಏನು ಮಾಡುವುದು ಎಂಬ ಚಿಂತೆ ನಮಗೂ ಇದೆ. ಅದಕ್ಕೆ ರಾಗಿಯ ಹಗೇವು ಉತ್ತರವಲ್ಲ; ತಿಂಗಳಿಗೆ ಎರಡು ಸಾವಿರ ಬೇರೆಯಾಗಿಯೇ ಎತ್ತಿಡುತ್ತೇವೆ.

ಹೋದ ವರ್ಷ ಬದುವಿನಲ್ಲಿ ಸಿದ್ದು ಹಲಸಿನ ಕಸಿ ಸಸಿ ಎರಡನ್ನು ನೆಟ್ಟಿದ್ದೇವೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಒಂದು ಮರದಿಂದ ಹರಡಿದ ತಳಿ ಅದು, ತೊಳೆ ತಾಮ್ರದ ಕೆಂಪು. ಒಂದು ಸಸಿ ಚಿಗುರಿದೆ, ಇನ್ನೊಂದನ್ನು ಮೇಕೆ ಮೇಯ್ದಿದೆ.

ಈಗ ಪುನರ್ವಸು ಮಳೆ ನಡೆಯುತ್ತಿದೆ. ಮೊನ್ನೆ ರಾತ್ರಿ ಬಿದ್ದದ್ದು ಗೇಣುದ್ದ ಇಳಿದಿದೆ. ನೆಲ ಹದಕ್ಕೆ ಬಂದಿದೆ. ಬೀಜ ಬಿತ್ತಲು ನಾಲ್ಕು ಮನೆಗೆ ಒಂದೇ ಕೂರಿಗೆ. ಸರದಿಯಲ್ಲಿ ನಮ್ಮದು ಗುರುವಾರ. ಐದು ಕಿಲೋ ಬಿತ್ತನೆ ರಾಗಿಯನ್ನು ಅತ್ತೆ ನಿನ್ನೆಯೇ ಮೊರದಲ್ಲಿ ಕೇರಿ ಮಡಕೆಗೆ ತುಂಬಿದ್ದಾರೆ. ಕೆಮ್ಮಣ್ಣು ಬಳಿದು ಒಣಗಿಸಿಟ್ಟಿದ್ದ ಅವರೆ ಬೀಜವನ್ನು ಮಕ್ಕಳಿಬ್ಬರೂ ಜಗಲಿಯ ಮೇಲೆ ಕುಳಿತು ಉಜ್ಜಿ ಬಿಡಿಸುತ್ತಿದ್ದಾರೆ. ನಾನು ಇಲ್ಲಿಂದ ಮಧ್ಯಾಹ್ನದ ಬಸ್ ಹಿಡಿದರೆ ಸಂಜೆ ಅಕ್ಕಡಿಯ ಬೀಜ ಬೆರೆಸುವ ಹೊತ್ತಿಗೆ ಮನೆ ಸೇರುತ್ತೇನೆ.

ನಮಸ್ಕಾರ.