ಮೂಕಿ ಹಾಸ್ಯಚಿತ್ರಗಳಲ್ಲಿ ಕಥೆ ಹೇಳುವ ಬಗೆ

ಕೇಳುಗರಿಗೆ ನಮಸ್ಕಾರ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯಲ್ಲಿ ಚಲನಚಿತ್ರದ ಪ್ರವರ್ತಕರಾದ ಲೂಮಿಯೇರ್ ಸಹೋದರರು ತೋರಿಸಿದ ಹತ್ತು ಕಿರುಚಿತ್ರಗಳಲ್ಲಿ ಒಂದು ನಿಮಿಷವೂ ತುಂಬದ ಒಂದು ನಗೆಕಥೆಯಿತ್ತು. ತೋಟಗಾರನೊಬ್ಬ ಗಿಡಗಳಿಗೆ ನೀರು ಹಾಯಿಸುತ್ತಿರುವಾಗ ಹಿಂದಿನಿಂದ ಬಂದ ಹುಡುಗ ಕೊಳವೆಯನ್ನು ತುಳಿದು ನಿಲ್ಲುತ್ತಾನೆ. ನೀರೇಕೆ ನಿಂತಿತೆಂದು ತೋಟಗಾರ ಕೊಳವೆಯ ಬಾಯಿಯನ್ನು ಇಣುಕಿ ನೋಡುತ್ತಾನೆ, ಹುಡುಗ ಕಾಲು ತೆಗೆಯುತ್ತಾನೆ. ನೀರು ಮುಖಕ್ಕೆ ಚಿಮ್ಮುವ ಮೊದಲೇ ನಮಗೆ ನಗು ಬಂದಿರುತ್ತದೆ, ಏಕೆಂದರೆ ತೋಟಗಾರನಿಗೆ ತಿಳಿಯದ ಸಂಗತಿ ನಮಗೆ ತಿಳಿದಿದೆ. ಓಡಿಹೋದ ಹುಡುಗನನ್ನು ಅವನು ಹಿಡಿದು, ಮತ್ತೆ ಕ್ಯಾಮೆರಾದ ಎದುರಿಗೇ ಎಳೆತಂದು ಹೊಡೆಯುತ್ತಾನೆ. ಆ ಕ್ಯಾಮೆರಾ ನಿಂತಲ್ಲಿಂದ ಕದಲುವುದಿಲ್ಲ, ಆದ್ದರಿಂದ ಕಥೆಯೇ ಅದರ ಮುಂದಕ್ಕೆ ಬರಬೇಕಾಯಿತು.

ಯಾರಿಗೆ ಏನು, ಯಾವಾಗ ತಿಳಿಯಬೇಕು ಎಂಬ ಈ ಲೆಕ್ಕಾಚಾರವೇ ಮೂಕಿ ಹಾಸ್ಯದ ಜೀವಾಳವೆಂದು ನಾನು ನಂಬಿದ್ದೇನೆ. ಚಾರ್ಲಿ ಚಾಪ್ಲಿನ್ ಅದನ್ನು ತಿರುವುಮುರುವು ಮಾಡಿದರು. 1917ರ 'ದಿ ಇಮಿಗ್ರೆಂಟ್' ಚಿತ್ರದ ಆರಂಭದಲ್ಲಿ ಅವರು ನಮಗೆ ಬೆನ್ನು ಮಾಡಿ ಹಡಗಿನ ಅಂಚಿನಿಂದ ಹೊರಕ್ಕೆ ಬಾಗಿರುತ್ತಾರೆ. ಸಮುದ್ರಯಾನದ ವಾಂತಿಯೆಂದು ನಾವು ಮರುಗುವಷ್ಟರಲ್ಲಿ ಅವರು ಇತ್ತ ತಿರುಗುತ್ತಾರೆ, ಗಾಳದಲ್ಲೊಂದು ಮೀನು! 1921ರ 'ದಿ ಐಡಲ್ ಕ್ಲಾಸ್' ಇನ್ನೂ ಸೂಕ್ಷ್ಮ. ಕುಡಿತ ಬಿಡುವವರೆಗೆ ಬೇರೆಯೇ ಇರುತ್ತೇನೆಂದು ಹೆಂಡತಿ ಬರೆದ ಚೀಟಿಯನ್ನು ಓದಿದ ಶ್ರೀಮಂತ ಗಂಡ ನಮಗೆ ಬೆನ್ನು ತಿರುಗಿಸುತ್ತಾನೆ, ಅವನ ಭುಜಗಳು ಬಿಕ್ಕಳಿಸಿ ಅಳುವವರಂತೆ ಕುಲುಕುತ್ತವೆ. ತಿರುಗಿದಾಗ ಕಾಣುವುದು, ಅವನು ಮದ್ಯವನ್ನು ಬೆರೆಸಲು ಕುಲುಕುತ್ತಿರುವ ಪಾತ್ರೆ. ಅವನ ಇಡೀ ಸ್ವಭಾವವನ್ನು, ಒಂದು ಅಕ್ಷರದ ನೆರವೂ ಇಲ್ಲದೆ, ಆ ಒಂದು ತಿರುವು ಹೇಳಿ ಮುಗಿಸುತ್ತದೆ.

ಚಾಪ್ಲಿನ್ನರ ಸಮಕಾಲೀನ ಹಾಸ್ಯನಟ ಬಸ್ಟರ್ ಕೀಟನ್ ಮಾತ್ರ ಹೆಚ್ಚಾಗಿ ನಮ್ಮಿಂದ ಏನನ್ನೂ ಬಚ್ಚಿಡುತ್ತಿರಲಿಲ್ಲ. ಕ್ಯಾಮೆರಾವನ್ನು ದೂರದಲ್ಲಿರಿಸಿ, ಮನುಷ್ಯನನ್ನೂ ಅವನ ಸುತ್ತಲಿನ ಜಗತ್ತನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸುವುದು ಅವರ ಕ್ರಮ. ಅಮೆರಿಕದ ಅಂತರ್ಯುದ್ಧದ ಹಿನ್ನೆಲೆಯ, 1926ರ 'ದಿ ಜನರಲ್' ಚಿತ್ರದ ಒಂದು ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ಶತ್ರುಗಳು ಕದ್ದೊಯ್ದ ತನ್ನ ರೈಲು ಎಂಜಿನ್ನನ್ನು ಇನ್ನೊಂದು ಎಂಜಿನ್ನಿನಲ್ಲಿ ಬೆನ್ನಟ್ಟಿರುವ ನಾಯಕ ತಲೆ ಬಗ್ಗಿಸಿ ಸೌದೆ ಒಡೆಯುತ್ತಿದ್ದಾನೆ. ಅವನ ಹಿಂದೆ ಸ್ವಪಕ್ಷದ ಸೈನ್ಯ ಹಿಮ್ಮೆಟ್ಟಿ ಸಾಗುತ್ತದೆ, ಅದರ ಬೆನ್ನಿಗೇ ಶತ್ರುಗಳ ದಂಡು ಮುನ್ನುಗ್ಗುತ್ತದೆ, ಕೊಡಲಿ ಏಳುತ್ತಲೇ ಬೀಳುತ್ತಲೇ ಇರುತ್ತದೆ. ಅವನು ಕೊನೆಗೊಮ್ಮೆ ತಲೆಯೆತ್ತಿ ನೋಡುವ ಹೊತ್ತಿಗೆ, ಸುತ್ತಲೂ ಇರುವುದು ಶತ್ರುವಿನ ನೆಲ.