ಮಗುವಿಗೆ ಅಂಕ ಹಾಕುವ ಮುಂಚೆ

ಕೇಳುಗರೇ, ನಮಸ್ಕಾರ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆಯ ಮೇಷ್ಟ್ರುಗಳು, ಅಂಗನವಾಡಿಯ ಅಕ್ಕಂದಿರು ಈಗ ರೇಡಿಯೋ ಹಚ್ಚಿರುತ್ತೀರಿ ಅಂದುಕೊಂಡೇ ಮಾತಾಡುತ್ತಿದ್ದೇನೆ. ನಾನು ಹೇಳುವುದು ಒಂದೇ ಮಾತು. ಬುದ್ಧಿ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು ಅಂತ ಯಾವ ಮಗುವನ್ನೂ ದಡ್ಡ ಅನ್ನಬೇಡಿ. ಆ ಪರೀಕ್ಷೆಯನ್ನು ಯಾವ ಮಕ್ಕಳಿಗಾಗಿ ಮಾಡಿದ್ದು ಅಂತ ಮೊದಲು ಕೇಳಿ.

ಆಸ್ಟ್ರೇಲಿಯಾದ ಒಂದು ಸಂಗತಿ ಹೇಳುತ್ತೇನೆ. ನನಗೆ ಬಹಳ ಇಷ್ಟವಾದದ್ದು, ಉದ್ದ ಆದರೂ ಕೇಳಿ. ಅಲ್ಲಿನ ಮರುಭೂಮಿಯ ಮೂಲನಿವಾಸಿ ಮಕ್ಕಳು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದರು. ಬುದ್ಧಿ ಕಮ್ಮಿ ಅಂತ ಷರಾ ಬರೆದುಬಿಡುತ್ತಿದ್ದರು. ಜೂಡಿತ್ ಕಿಯರಿನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಬೇರೆ ಥರ ಯೋಚಿಸಿದರು. ಮರಳುಗಾಡಿನಲ್ಲಿ ನೀರಿನ ಜಾಗ ಹುಡುಕಿ ಬದುಕಿದ ಜನ ಇವರು. ಯಾವುದು ಎಲ್ಲಿತ್ತು ಅನ್ನೋದು ಇವರ ಕಣ್ಣಲ್ಲಿ ಉಳಿಯಲೇಬೇಕು, ಅಲ್ವಾ? ತಟ್ಟೆಯೊಂದರಲ್ಲಿ 20 ವಸ್ತು ಸಾಲಾಗಿ ಇಟ್ಟರು. ಅರ್ಧ ನಿಮಿಷ ನೋಡಲು ಬಿಟ್ಟರು. ಆಮೇಲೆ ಎಲ್ಲವನ್ನೂ ಕಲಸಿ, ಮೊದಲಿದ್ದ ಹಾಗೇ ಜೋಡಿಸು ಅಂದರು. ಬಿಳಿಯರ ಮಕ್ಕಳು ವಸ್ತುಗಳ ಹೆಸರು ಗೊಣಗುತ್ತಾ ಚಡಪಡಿಸಿದರು. ಮೂಲನಿವಾಸಿ ಮಕ್ಕಳು ಅಲುಗಾಡದೆ ಸುಮ್ನೆ ನೋಡಿದರು. ಗೆದ್ದವರು ಅವರೇ! ಒಂದು ತಟ್ಟೆಯಲ್ಲಂತೂ ಬರೀ ಕಲ್ಲು. ಕಲ್ಲುಕಲ್ಲಿಗೂ ಏನಂತ ಹೆಸರಿಟ್ಟು ನೆನಪಿಡುವುದು? ಅಲ್ಲೂ ಇವರದೇ ಮೇಲುಗೈ. 1981ರಲ್ಲಿ ಇದು ಅಚ್ಚಾಯಿತು. ಪರೀಕ್ಷೆ ಬದಲಾದ ಕೂಡಲೇ ‘ದಡ್ಡ’ ಮಕ್ಕಳು ಮುಂದೆ ಬಂದರು, ನೋಡಿ.

ನಮ್ಮಲ್ಲಿ ಈಗಲೂ ಬಿನೆ-ಕಾಮತ್ ಎಂಬ ಬುದ್ಧಿ ಪರೀಕ್ಷೆ ಬಳಕೆಯಲ್ಲಿದೆ. ಫ್ರಾನ್ಸಿನಲ್ಲಿ 1905ರಲ್ಲಿ ಹುಟ್ಟಿದ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಧಾರವಾಡದ ಮಕ್ಕಳಿಗೆ ಹೊಂದಿಸಿದರು. ದೊಡ್ಡ ಕೆಲಸ, ನನಗೆ ಗೌರವವಿದೆ. ಆದರೆ ಮನೆಯಲ್ಲಿ ವಾಗ್ರಿ ಮಾತಾಡುವ ಹಕ್ಕಿಪಿಕ್ಕಿ ಮಗುವಿಗೆ, ತೆಲುಗೇ ಮನೆಮಾತಾದ ನಮ್ಮ ಗಡಿ ಹಳ್ಳಿಯ ಮಗುವಿಗೆ ಅದನ್ನು ಕನ್ನಡದಲ್ಲಿ ಗಡಿಬಿಡಿಯಿಂದ ಓದಿ ಅಂಕ ಹಾಕಿದರೆ ಹೇಗೆ? ಯಾವ ಮಕ್ಕಳಿಗಾಗಿ ಮಾಡಿದ್ದು ಅಂತ ಕೇಳಲೇಬೇಕಲ್ವಾ? ಮನೆಮಾತು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಗು ಮೇಕೆ ಎಣಿಸುತ್ತದಾ, ತಮ್ಮನನ್ನು ನೋಡಿಕೊಳ್ಳುತ್ತದಾ, ಅಂಗಡಿಯಿಂದ ಚಿಲ್ಲರೆ ಸರಿಯಾಗಿ ತರುತ್ತದಾ, ಅದರ ಅಮ್ಮನನ್ನು ಕೇಳಿ. ಅದನ್ನೂ ವರದಿಯಲ್ಲಿ ಬರೆಯಿರಿ.

ಸಮಯ ಮುಗಿಯುತ್ತಿದೆ. ಸಂಶೋಧನೆಗೆ ಬರುವ ವಿದ್ಯಾರ್ಥಿಗಳಿಗೂ ಎರಡು ಮಾತು. ಅಮೆರಿಕದ ಹವಸುಪಾಯ್ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಅಂತ ರಕ್ತ ಕೊಟ್ಟಿದ್ದರು. ಅವರನ್ನು ಕೇಳದೆ ಅದನ್ನು ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಯ ಅಧ್ಯಯನಕ್ಕೂ ಬಳಸಿದರು. ಜನ ಕೋರ್ಟಿಗೆ ಹೋದರು. 2010ರಲ್ಲಿ ಆ ರಕ್ತ ಪಡೆದಿದ್ದ ವಿಶ್ವವಿದ್ಯಾಲಯ ಪರಿಹಾರ ಕೊಟ್ಟು, ಉಳಿದ ರಕ್ತವನ್ನೂ ಹಿಂತಿರುಗಿಸಿತು. ನೀವು ಬುಡಕಟ್ಟಿನವರ ಹಾಡಿಗೆ, ಹಟ್ಟಿಗೆ ಹೋದಾಗ ಯಾಕೆ ಬಂದಿದ್ದೀರಿ, ಬರೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ ಅಂತ ಹಿರಿಯರ ಮುಂದೆ ಕೂತು ಹೇಳಿ. ಬರೆದು ಮುಗಿದ ಮೇಲೆ ಮತ್ತೆ ಹೋಗಿ, ಅವರ ಮಾತಿನಲ್ಲೇ ಓದಿ ಹೇಳಿ. ನಮಸ್ಕಾರ.